ಹಂದಿ ಫೀಡಿಗೆ ಕ್ರೋಮಿಯಂ, ಕಾರ್ನಿಟಿನ್, ಬೀಟೇನ್, ಸಿಎಲ್‌ಎ, ಅಗಸೆ: ಯಾವ್ದು ಯಾರಿಗೆ?

ಹೋದ ತಿಂಗಳು ನಮ್ಮ ಭಾವ ಒಂದು ಬಿಳಿ ಡಬ್ಬ ಹಿಡ್ಕೊಂಡು ಬಂದ್ರು. ಸೋಮವಾರಪೇಟೆ ಕಡೆ ಹದಿನೈದು ತಾಯಿ ಹಂದಿ ಇಟ್ಕೊಂಡಿದ್ದಾರೆ, ಎಲ್ಲಾ ಯಾರ್ಕ್‌ಶೈರ್, ಲ್ಯಾಂಡ್ರೇಸ್ ಕ್ರಾಸು. "ಇದು ಫೀಡಿಗೆ ಹಾಕಿದ್ರೆ ಕೊಲೆಸ್ಟ್ರಾಲ್ ಇಳಿಯುತ್ತಂತೆ ಕಣೋ" ಅಂದ್ರು. "ಯಾರ್ದು ಭಾವ, ಹಂದೀದಾ, ತಿನ್ನೋರ್ದಾ?" ಅಂತ ಕೇಳ್ದೆ. ಡಬ್ಬ ತಿರುಗಿಸಿ ತಿರುಗಿಸಿ ನೋಡಿದ್ರು, ಅದ್ರಲ್ಲಿ ಅದು ಬರ್ದಿರ್ಲಿಲ್ಲ.

ಈ ಸಪ್ಲಿಮೆಂಟ್ ವಿಷಯದಲ್ಲಿ ಎಲ್ರೂ ಎಡವೋದು ಇಲ್ಲೇ. "ಕೊಬ್ಬು ಕಮ್ಮಿ ಆಗುತ್ತೆ" ಅನ್ನೋ ಒಂದು ಮಾತಲ್ಲಿ ನಾಲ್ಕು ಬೇರೆ ಬೇರೆ ವಿಷಯ ಸೇರ್ಕೊಂಡಿದೆ. ಹಂದಿಯ ರಕ್ತದಲ್ಲಿರೋ ಕೊಬ್ಬು ಒಂದು, ಬೆನ್ನ ಮೇಲಿನ ನೆಣ ಇನ್ನೊಂದು, ಆ ನೆಣ ಗಟ್ಟಿನಾ ಮೆತ್ತಗಾ ಅನ್ನೋದು ಮೂರನೇದು, ತಿನ್ನೋ ಮನುಷ್ಯನ ರಕ್ತದಲ್ಲಿ ಏನಾಗುತ್ತೆ ಅನ್ನೋದು ನಾಲ್ಕನೇದು. ಒಂದು ಇಳಿದ್ರೆ ಇನ್ನೊಂದು ಇಳಿಯುತ್ತೆ ಅಂತ ಇಲ್ಲ. ಕೆಲವು ಪುಡಿ ಒಂದನ್ನ ಇಳಿಸಿ ಇನ್ನೊಂದನ್ನ ಏರಿಸುತ್ತೆ ಕೂಡ, ಅದನ್ನ ಮುಂದೆ ಹೇಳ್ತೀನಿ.

ಕೋಳಿ ಸಾಕಿ ಅಭ್ಯಾಸ ಇರೋರಿಗೆ ಇದು ಸ್ವಲ್ಪ ವಿಚಿತ್ರ ಅನ್ಸುತ್ತೆ. ಕೋಳೀಲಿ ಕೊಬ್ಬು ತಯಾರಾಗೋದು ಲಿವರ್‌ನಲ್ಲಿ, ಅಲ್ಲಿಂದ ರಕ್ತದ ಮೂಲಕ ಹೊಟ್ಟೆ ಕೊಬ್ಬಿನ ಜಾಗಕ್ಕೆ ಹೋಗುತ್ತೆ, ಹಾಗಾಗಿ ಕೋಳಿ ರಕ್ತ ನೋಡಿ ಅದರ ಕೊಬ್ಬಿನ ಬಗ್ಗೆ ಒಂದಷ್ಟು ಅಂದಾಜು ಮಾಡ್ಬಹುದು. ಹಂದೀಲಿ ಹಾಗಲ್ಲ, ಅದು ತಿಂದ ಜೋಳದ ಪಿಷ್ಟ ಸಕ್ಕರೆಯಾಗಿ ಸೀದಾ ನೆಣದ ಜೀವಕೋಶಕ್ಕೇ ಹೋಗಿ ಅಲ್ಲೇ ಕೊಬ್ಬಾಗುತ್ತೆ, ಲಿವರ್ ಪಾಲು ತುಂಬಾ ಕಮ್ಮಿ. ಅಂದ್ರೆ ಕೊಬ್ಬಿನ ಫ್ಯಾಕ್ಟರಿನೂ ಅದೇ ಗೋಡೌನೂ ಅದೇ, ಮಧ್ಯದ ರೋಡಲ್ಲಿ ನಿಂತು ಲಾರಿ ಎಣಿಸಿದ್ರೆ ಏನು ಗೊತ್ತಾಗುತ್ತೆ? ರಕ್ತದ ಟ್ರೈಗ್ಲಿಸರೈಡ್, ಅಂದ್ರೆ ರಕ್ತದಲ್ಲಿ ಓಡಾಡೋ ಕೊಬ್ಬು, ಇಳಿದಿದೆ ಅಂತ ರಿಪೋರ್ಟ್ ಬಂದ್ರೂ ಬೆನ್ನ ಮೇಲಿನ ನೆಣ ಒಂದು ಮಿಲಿಮೀಟರ್ ಕೂಡ ಕಮ್ಮಿ ಆಗ್ದೇ ಇರ್ಬಹುದು.

ಆದ್ರೆ ತಿನ್ನೋ ಎಣ್ಣೆ ಲೆಕ್ಕ ಬೇರೆ. ಹಸುವಿನ ಹೊಟ್ಟೇಲಿ ಸೂಕ್ಷ್ಮಜೀವಿಗಳು ಎಣ್ಣೇನ ಗಟ್ಟಿ ಕೊಬ್ಬಾಗಿ ಬದಲಾಯಿಸ್ಬಿಡ್ತವೆ, ಹಂದಿಗೆ ಆ ಹೊಟ್ಟೆ ಇಲ್ಲ. ಅದು ಯಾವ ಎಣ್ಣೆ ತಿನ್ನುತ್ತೋ ಅದೇ ಹೆಚ್ಚುಕಮ್ಮಿ ಹಾಗೇ ಹೋಗಿ ನೆಣದಲ್ಲಿ ಕೂರುತ್ತೆ. ತೌಡು ಜಾಸ್ತಿ ಹಾಕಿದ ಹಂದಿ ನೆಣ ಕೈಗೆ ಅಂಟೋ ಹಾಗೆ ಮೆತ್ತಗಿರೋದು ಇದಕ್ಕೇ, ಎಣ್ಣೆ ತೆಗೀದ ತೌಡಲ್ಲಿ ನೂರಕ್ಕೆ 15ರಿಂದ 20 ಭಾಗ ಎಣ್ಣೇನೇ ಇರುತ್ತೆ.

ಇನ್ನೊಂದು ಗೊಂದಲ ಇದೆ. "ಹಂದಿಗಳ ಮೇಲೆ ಪ್ರೂವ್ ಆಗಿದೆ" ಅಂತ ಲೇಬಲ್ ಮೇಲೆ ಇದ್ರೆ ಯಾವ ಹಂದಿ ಅಂತ ಕೇಳ್ಬೇಕು. ಹಂದಿಯ ರಕ್ತನಾಳ ಮನುಷ್ಯನದಕ್ಕೆ ತುಂಬಾ ಹತ್ರ ಇರೋದ್ರಿಂದ ಹೃದಯರೋಗದ ಸಂಶೋಧನೆಗೆ ಹಂದಿ ಬಳಸ್ತಾರೆ. ಅಮೆರಿಕದ ಜಾರ್ಜಿಯಾ ಕರಾವಳೀಲಿ ಆಸಬಾ ಅಂತ ಒಂದು ದ್ವೀಪ ಇದೆ, ಅಲ್ಲಿನ ಕಾಡು ಬಿದ್ದ ಹಂದಿಗಳು ಬರಗಾಲಕ್ಕೆ ಒಗ್ಗಿ ಒಗ್ಗಿ ಸಿಕ್ಕಿದ್ದನ್ನೆಲ್ಲಾ ಕೊಬ್ಬು ಮಾಡಿ ಇಟ್ಕೊಳ್ಳೋ ಸ್ವಭಾವ ಬೆಳೆಸ್ಕೊಂಡಿವೆ, ಅವಕ್ಕೆ ಹೊಟ್ಟೆ ತುಂಬಾ ಹಾಕಿದ್ರೆ ಶುಗರ್ ಕಂಟ್ರೋಲ್ ತಪ್ಪುತ್ತೆ, ಬಿಪಿ ಏರುತ್ತೆ, ಥೇಟ್ ನಮ್ ಹಾಗೆ. ವಿಸ್ಕಾನ್ಸಿನ್‌ನಲ್ಲಿ ಹುಟ್ಟಿಂದಲೇ ಕೊಲೆಸ್ಟ್ರಾಲ್ ಜಾಸ್ತಿ ಇರೋ ಒಂದು ತಳೀನೇ ಬೆಳೆಸಿದ್ದಾರೆ. ಇಂಥವಕ್ಕೆ ಕೊಲೆಸ್ಟ್ರಾಲ್ ಬೆರೆಸಿದ ಆಹಾರ ಕೊಟ್ಟು ಆಮೇಲೆ ಪುಡಿ ಕೊಟ್ಟು ಇಳೀತು ಅಂದ್ರೆ, ಜೋಳ, ಸೋಯಾ ಹಿಂಡಿ ತಿನ್ಕೊಂಡು ಆರು ತಿಂಗಳಿಗೆ ತೂಕಕ್ಕೆ ಬರೋ ನಮ್ಮ ಹಂದಿಗೆ ಅದರಿಂದ ಏನು? ನಮ್ಮ ಹಂದಿಯ ಕೊಲೆಸ್ಟ್ರಾಲ್ ಸಾಮಾನ್ಯವಾಗಿ ಡೆಸಿಲೀಟರಿಗೆ ಸುಮಾರು 80ರಿಂದ 130 ಮಿಲಿಗ್ರಾಂ ಇರುತ್ತೆ, ಅದನ್ನ ಇಳಿಸಿ ಯಾರಿಗೂ ಒಂದು ರೂಪಾಯಿ ಲಾಭ ಇಲ್ಲ. ಮಾಂಸದಲ್ಲಿರೋ ಕೊಲೆಸ್ಟ್ರಾಲ್ ಅಂತೂ ಅಲ್ಲಾಡೋದೇ ಇಲ್ಲ ಅನ್ಬಹುದು, ಅದು ಜೀವಕೋಶದ ಗೋಡೇಲೇ ಸೇರ್ಕೊಂಡಿರೋ ಸಾಮಾನು. "ಕೊಲೆಸ್ಟ್ರಾಲ್ ಇಲ್ಲದ ಹಂದಿ ಮಾಂಸ" ಅಂತ ಯಾರಾದ್ರೂ ಮಾರಿದ್ರೆ ನಕ್ಕು ಮುಂದೆ ಹೋಗಿ.

ಸರಿ, ಒಂದೊಂದಾಗಿ ಬರೋಣ.

ಕ್ರೋಮಿಯಂ

ಅತಿ ಹೆಚ್ಚು ಮಾರಾಟ ಆಗೋದು ಇದು, ಕ್ರೋಮಿಯಂ ಪಿಕೋಲಿನೇಟ್ ರೂಪದಲ್ಲಿ. ಇನ್ಸುಲಿನ್ ಕೆಲಸಕ್ಕೆ ಇದು ಕೈ ಜೋಡಿಸುತ್ತೆ, ಸಕ್ಕರೆ ನೆಣಕ್ಕಿಂತ ಮಾಂಸಖಂಡದ ಕಡೆ ಹೆಚ್ಚು ಹೋಗುತ್ತೆ ಅನ್ನೋದು ವಾದ. 1993ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಮಾಡಿದ ಪ್ರಯೋಗದಲ್ಲಿ ಕೆಜಿ ಫೀಡಿಗೆ 200 ಮೈಕ್ರೋಗ್ರಾಂ ಹಾಕಿದಾಗ ಬೆನ್ನ ಮಾಂಸ ಅಗಲ ಆಯ್ತು, ನೆಣ ಕಮ್ಮಿ ಆಯ್ತು, ಅಲ್ಲಿಂದ ಇದರ ಸುಗ್ಗಿ ಶುರು. ಆಮೇಲೆ ಬೇರೆಯವರು ಮಾಡಿದಾಗ ಕೆಲವರಿಗೆ ಬಂತು, ಕೆಲವರಿಗೆ ಏನೂ ಬರ್ಲಿಲ್ಲ. ರಕ್ತದ ಕೊಲೆಸ್ಟ್ರಾಲ್ ವಿಷಯದಲ್ಲೂ ಇದೇ ಕಥೆ, ಒಂದು ಕಡೆ ಇಳಿದ್ರೆ ಇನ್ನೊಂದು ಕಡೆ ಅಲ್ಲೇ ನಿಂತಿರುತ್ತೆ. ಮನುಷ್ಯರಿಗೆ ಕ್ರೋಮಿಯಂ ಬೇಕೇ ಬೇಕು ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2014ರಲ್ಲಿ ಹೇಳ್ಬಿಡ್ತು.

ನನಗೆ ಇದರಲ್ಲಿ ನಂಬಿಕೆ ಇರೋದು ತಾಯಿ ಹಂದಿ ವಿಷಯದಲ್ಲಿ. 1995ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅದೇ 200ರ ಲೆಕ್ಕದಲ್ಲಿ ಕೊಟ್ಟ ತಾಯಂದಿರು ಹೆಚ್ಚು ಮರಿ ಹಾಕಿದ್ವು, ಇನ್ಸುಲಿನ್‌ಗೂ ಅಂಡ ಬಿಡೋದಕ್ಕೂ ಸಂಬಂಧ ಇರೋದ್ರಿಂದ ಅದು ಸುಮ್ನೆ ಬಂದಿದ್ದಲ್ಲ ಅನ್ಸುತ್ತೆ. ಆದ್ರೆ ಒಂದೆರಡು ವಾರ ಹಾಕಿ ಬಿಟ್ರೆ ಏನೂ ಆಗಲ್ಲ, ತಿಂಗಳುಗಟ್ಟಲೆ ಬಿಡದೆ ಹಾಕ್ಬೇಕು.

ಅಳತೆ ಬಗ್ಗೆ ಮಾತ್ರ ಹುಷಾರು. 50 ಕೆಜಿ ಮೂಟೆಗೆ ಬೇಕಾಗಿರೋ ಕ್ರೋಮಿಯಂ ಎಷ್ಟು ಗೊತ್ತಾ, 10 ಮಿಲಿಗ್ರಾಂ. ಶುದ್ಧ ಪಿಕೋಲಿನೇಟ್ ಆದ್ರೆ ಸುಮಾರು 80 ಮಿಲಿಗ್ರಾಂ, ಅಂದ್ರೆ ಚಿಟಿಕೆಯಲ್ಲೂ ಚೂರು. ಇದನ್ನ ಮೂಟೆ ಮೇಲೆ ಉದುರಿಸಿ ಸಲಿಕೇಲಿ ಎರಡು ಸಲ ತಿರುಗಿಸಿದ್ರೆ ಒಂದು ಹಂದಿಗೆ ಎಲ್ಲಾ ಹೋಗುತ್ತೆ, ಉಳಿದವಕ್ಕೆ ಬರೀ ಜೋಳ. ಅದಕ್ಕೇ ಪ್ರೀಮಿಕ್ಸ್, ಅಂದ್ರೆ ಮೊದಲೇ ಬೇರೆ ಪುಡಿಗೆ ಬೆರೆಸಿಟ್ಟ ರೂಪದಲ್ಲೇ ತಗೊಳ್ಳಿ, ಮೊದಲು ಅರ್ಧ ಕೆಜಿ ಬೂಸಾಗೆ ಬೆರೆಸಿ, ಅದನ್ನ ಐದು ಕೆಜಿಗೆ, ಆಮೇಲೆ ಮೂಟೆಗೆ. ಅಮೆರಿಕದಲ್ಲಿ 200 ಮೈಕ್ರೋಗ್ರಾಂ ಅನ್ನೋದು ಮೇಲಿನ ಮಿತಿ ಕೂಡ, ಜಾಸ್ತಿ ಹಾಕಿದ್ರೆ ಜಾಸ್ತಿ ಕೆಲಸ ಅನ್ನೋ ಲೆಕ್ಕ ಇಲ್ಲಿ ಬೇಡ.

ಕಾರ್ನಿಟಿನ್

ಜಿಮ್ ಹುಡುಗರು ಕುಡೀತಾರಲ್ಲ ಅದೇ. ಕೊಬ್ಬಿನ ಉದ್ದ ಕೊಂಡಿಗಳನ್ನ ಜೀವಕೋಶದ ಒಲೆ ಒಳಗೆ ಸೇರಿಸೋದು ಇದರ ಕೆಲಸ, ಕೊಬ್ಬು ಸುಡ್ಬೇಕು ಅಂದ್ರೆ ಇದು ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ಬೇಕು. ದೇಹ ಇದನ್ನ ಲೈಸಿನ್, ಮೆಥಿಯೋನಿನ್ ಅನ್ನೋ ಪ್ರೋಟೀನ್ ತುಣುಕುಗಳಿಂದ ತಾನೇ ಮಾಡ್ಕೊಳ್ಳುತ್ತೆ. ಹಾಗಾದ್ರೆ ಹೊರಗಿಂದ ಯಾಕೆ? ಬೆಳೆದ ಹಂದಿಗೆ ಬಹುತೇಕ ಬೇಕಾಗಿಲ್ಲ ಅನ್ನೋದೇ ನನ್ನ ಉತ್ತರ. ಮಾಂಸದ ಹಂದೀಲಿ ಫಲಿತಾಂಶ ಹಾವು ಏಣಿ ಆಟ ಇದ್ದ ಹಾಗೆ.

ಆದ್ರೆ ಗಬ್ಬದ ಹಂದಿ ಬೇರೆ. ಜೋಳ ಸೋಯಾದಲ್ಲಿ ಕಾರ್ನಿಟಿನ್ ಇಲ್ಲ ಅನ್ನೋಷ್ಟು ಕಮ್ಮಿ, ಇದು ಇರೋದು ಮಾಂಸದಲ್ಲಿ, ಹೆಸರು ಬಂದಿದ್ದೇ ಲ್ಯಾಟಿನ್‌ನ ಮಾಂಸ ಅನ್ನೋ ಪದದಿಂದ, 1905ರಲ್ಲಿ ಮಾಂಸದ ಸಾರದಿಂದಲೇ ಇದನ್ನ ಮೊದಲು ತೆಗೆದಿದ್ದು. ಹುಟ್ಟಿದ ಮರಿಗೆ ಅದನ್ನ ಮಾಡ್ಕೊಳ್ಳೋ ಶಕ್ತಿ ಕಮ್ಮಿ, ತಾಯಿ ಹಾಲಿನ ಕೊಬ್ಬೇ ಅದಕ್ಕೆ ಜೀವ. ಕೆಜಿ ಫೀಡಿಗೆ 50 ಮಿಲಿಗ್ರಾಂ ಆಸುಪಾಸು ತಾಯಿಗೆ ಕೊಟ್ಟಾಗ ಮರಿಗಳ ತೂಕ ಚೆನ್ನಾಗಿ ಬಂದಿದ್ದನ್ನ ಅಮೆರಿಕದ ಕ್ಯಾನ್ಸಸ್‌ನಲ್ಲೂ ಜರ್ಮನಿಯಲ್ಲೂ ನೋಡಿದ್ದಾರೆ. ಮೂಟೆಗೆ 2.5 ಗ್ರಾಂ. ಹೋಟೆಲ್ ಮುಸುರೇಲಿ ಮಾಂಸ ಮೀನು ಬರೋರಿಗೆ ಅದರಲ್ಲೇ ಒಂದಷ್ಟು ಸಿಕ್ಕಿರುತ್ತೆ, ಡಬ್ಬ ತರೋ ಖರ್ಚು ಉಳಿಸಿ.

ಬೀಟೇನ್

ಇದು ಸಕ್ಕರೆ ಬೀಟಿನ ಕಾಕಂಬಿಯಿಂದ ಬರೋದು. ಟನ್ನಿಗೆ 1.25 ಕೆಜಿ ಹಾಕೋದು ರೂಢಿ, ಮೂಟೆಗೆ 60 ಗ್ರಾಂ ಚಿಲ್ಲರೆ, ಹಾಗಾಗಿ ಬೆರೆಸೋದು ಸುಲಭ. ಮೀಥೈಲ್ ಅನ್ನೋ ಸಣ್ಣ ತುಣುಕನ್ನ ಬೇಕಾದವರಿಗೆ ದಾನ ಮಾಡೋದು ಒಂದು ಕೆಲಸ, ಜೀವಕೋಶ ನೀರು ಬಿಟ್ಕೊಡದ ಹಾಗೆ ಹಿಡಿದಿಡೋದು ಇನ್ನೊಂದು. ನೆಣ ಕಮ್ಮಿ ಆಗೋದು ಹೆಚ್ಚಾಗಿ ಕಂಡಿದ್ದು ಆಹಾರ ಸ್ವಲ್ಪ ಹಿಡಿದು ಹಾಕಿದಾಗ, ತೊಟ್ಟಿ ತುಂಬಾ ಸುರಿದಾಗ ಅಲ್ಲ.

ಇನ್ನೊಂದು ತಮಾಷೆ ಇದೆ, "ಕೊಬ್ಬು ಇಳಿಸುತ್ತೆ" ಅಂತ ಮಾರೋ ಬೀಟೇನ್ ಕೊಟ್ಟಾಗ ರಕ್ತದ ಕೊಲೆಸ್ಟ್ರಾಲ್ ಏರಿದ್ದೂ ಉಂಟು. ಮನುಷ್ಯರು ದಿನಕ್ಕೆ 6 ಗ್ರಾಂ ತಗೊಂಡಾಗ್ಲೂ ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ ಏರಿದೆ. ಲಿವರ್‌ನಲ್ಲಿ ಕೂತ ಕೊಬ್ಬು ರಕ್ತಕ್ಕೆ ಹೊರಡೋಕೆ ಅದು ಅನುಕೂಲ ಮಾಡ್ಕೊಡುತ್ತೆ, ಹಾಗಾಗಿ ಲಿವರ್‌ಗೆ ಒಳ್ಳೇದು, ಲ್ಯಾಬ್ ರಿಪೋರ್ಟಿಗೆ ಕೆಟ್ಟದ್ದು. ನಾನು ಇದನ್ನ ಕೊಬ್ಬಿಗೋಸ್ಕರ ತರಲ್ಲ. ಮಾರ್ಚ್ ಏಪ್ರಿಲ್ ಬಿಸಿಲಿಗೆ ತರ್ತೀನಿ, ಹಂದಿಗೆ ಬೆವರಿ ತಣ್ಣಗಾಗೋ ಭಾಗ್ಯ ಇಲ್ಲ, ಶೆಡ್ ಕಾದ್ರೆ ತಿನ್ನೋದೇ ಬಿಟ್ಬಿಡ್ತವೆ, ಆಗ ನೀರು ಹಿಡಿದಿಡೋ ಈ ಗುಣ ಕೆಲಸಕ್ಕೆ ಬರುತ್ತೆ. ಅದಕ್ಕೂ ಮುಂಚೆ ಶೆಡ್ ಮೇಲೆ ತೆಂಗಿನ ಗರಿ ಹಾಕಿ, ನೀರು ಚಿಮುಕಿಸಿ, ಆಮೇಲೆ ಪುಡಿ.

ಸಿಎಲ್‌ಎ

ಎಲ್ಲಾ ಬಿಟ್ಟು ಬೆನ್ನ ನೆಣ ಒಂದೇ ನೋಡೋದಾದ್ರೆ ಸಪ್ಲಿಮೆಂಟ್‌ಗಳ ಪೈಕಿ ಹೆಚ್ಚು ನೆಟ್ಟಗೆ ಕೆಲಸ ಮಾಡೋದು ಇದೇ. ಪೂರ್ತಿ ಹೆಸರು ಕಾಂಜುಗೇಟೆಡ್ ಲಿನೋಲಿಕ್ ಆಸಿಡ್, ಅಡುಗೆ ಎಣ್ಣೆಗಳಲ್ಲಿರೋ ಲಿನೋಲಿಕ್ ಆಮ್ಲದ ಒಂದು ತಿರುಚಿದ ರೂಪ, ವಿಸ್ಕಾನ್ಸಿನ್‌ನಲ್ಲಿ ಸುಟ್ಟ ಗೋಮಾಂಸದಲ್ಲಿ ಕ್ಯಾನ್ಸರ್ ತರೋದೇನಿದೆ ಅಂತ ಹುಡುಕ್ತಾ ಇದ್ದವರಿಗೆ ಕ್ಯಾನ್ಸರ್ ತಡೆಯೋ ಹಾಗೆ ಕಾಣೋ ಇದು ಸಿಕ್ತು. ಫೀಡಿನಲ್ಲಿ ನೂರಕ್ಕೆ ಅರ್ಧದಿಂದ ಒಂದು ಭಾಗ ಹಾಕಿದ್ರೆ ಚರ್ಮದ ಕೆಳಗಿನ ನೆಣ ಕಮ್ಮಿ ಆಗುತ್ತೆ, ಮಾಂಸದ ಒಳಗಿನ ಎಳೆ ಕೊಬ್ಬು ಸ್ವಲ್ಪ ಹೆಚ್ಚಾಗುತ್ತೆ, ಉಳಿದ ನೆಣ ಗಟ್ಟಿ ಆಗುತ್ತೆ. ತೌಡು, ಮುಸುರೆ ತಿನ್ನಿಸಿ ನೆಣ ಎಣ್ಣೆ ಎಣ್ಣೆ ಆಗೋರಿಗೆ, ಬೇಕನ್ ಕತ್ತರಿಸಿ ಮಾರೋರಿಗೆ ಇದು ಹೇಳಿ ಮಾಡಿಸಿದ ಹಾಗೆ.

ಗಟ್ಟಿ ಯಾಕಾಗುತ್ತೆ ಅಂದ್ರೆ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾಗುತ್ತೆ, ಗಟ್ಟಿ ಕೊಬ್ಬನ್ನ ಮೆತ್ತಗೆ ಮಾಡೋ ಕಿಣ್ವಕ್ಕೇ ಇದು ಅಡ್ಡ ಹಾಕುತ್ತೆ. 1999ರಲ್ಲಿ ಜರ್ಮನಿಯಲ್ಲಿ ದೊಡ್ಡ ಹಂದಿಗಳಿಗೆ ಕೊಟ್ಟು ರಕ್ತ ನೋಡಿದಾಗ ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ, ಆ ಎಲ್‌ಡಿಎಲ್ ಪಾಲು ಏರಿತ್ತು. ನೋಡಿ, ನೆಣ ಇಳೀತು, ರಕ್ತದಲ್ಲಿ ಏರ್ತು. ನಾನು ಮೊದಲು ಹೇಳಿದ್ದು ಇದನ್ನೇ. ಭಾವನ ಡಬ್ಬದ ಲೆಕ್ಕದಲ್ಲಿ ನೋಡಿದ್ರೆ ಸಿಎಲ್‌ಎ ಫೇಲು, ಕಟುಕರ ಲೆಕ್ಕದಲ್ಲಿ ಫಸ್ಟ್ ಕ್ಲಾಸು. ದುಬಾರಿ ಅನ್ನೋದು ಬೇರೆ, ಮಾರ್ಕೆಟ್ ಎಣ್ಣೇಲಿ ಸಿಎಲ್‌ಎ ಇರೋದು ನೂರಕ್ಕೆ 60ರ ಸುತ್ತ, ಹಾಗಾಗಿ ಮೂಟೆಗೆ 400ರಿಂದ 800 ಗ್ರಾಂ ಎಣ್ಣೆ ಬೇಕಾಗುತ್ತೆ.

ಅಗಸೆ, ಮತ್ತೆ ನನ್ನ ಮೀನಿನ ಕಥೆ

ಅಗಸೆ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಕೊಳ್ತೀನಿ. ಉತ್ತರ ಕರ್ನಾಟಕದ ಅಗಸಿ ಹಿಂಡಿ ರೊಟ್ಟಿ ಜೊತೆ ತಿಂದೋರಿಗೆ ಹೇಳ್ಬೇಕಾಗಿಲ್ಲ. ಅಗಸೆ ಎಣ್ಣೇಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ 3, ಹಂದಿ ತಿಂದಿದ್ದು ನೆಣದಲ್ಲಿ ಹಾಗೇ ಕೂರುತ್ತೆ ಅಂದ್ನಲ್ಲ, ಆ ಗುಣ ಇಲ್ಲಿ ನಮಗೆ ಲಾಭ. ಈ ಪಟ್ಟಿಯಲ್ಲಿ ತಿನ್ನೋ ಮನುಷ್ಯನಿಗೆ ಲಾಭ ತಲುಪಿಸೋ ಸಾಮಾನು ಅಂದ್ರೆ ಮುಖ್ಯವಾಗಿ ಇದೇ. ಹಂದಿ ರಕ್ತದ ಟ್ರೈಗ್ಲಿಸರೈಡ್ ಕೂಡ ಒಮೆಗಾ 3ಗೆ ಇಳಿಯೋದುಂಟು, ಆದ್ರೆ ಬೆನ್ನ ನೆಣ ಎಷ್ಟಿತ್ತೋ ಅಷ್ಟೇ ಇರುತ್ತೆ, ಬದಲಾಗೋದು ಅದರ ಜಾತಿ ಮಾತ್ರ.

ಕಡಿಯೋಕೆ ಮುಂಚಿನ ಒಂದೂವರೆ ಎರಡು ತಿಂಗಳು ಫೀಡಿನಲ್ಲಿ ನೂರಕ್ಕೆ ಐದು, ಅಂದ್ರೆ ಮೂಟೆಗೆ ಎರಡೂವರೆ ಕೆಜಿ, ಪುಡಿ ಮಾಡಿ ಹಾಕ್ಬೇಕು. ಇಡೀ ಕಾಳು ಹಾಕಿದ್ರೆ ಈ ಕಡೆಯಿಂದ ಹೋಗಿ ಆ ಕಡೆಯಿಂದ ಹಾಗೇ ಬರುತ್ತೆ, ತೊಳೆಯೋರಿಗೆ ಗೊತ್ತಾಗುತ್ತೆ. ಹಸಿ ಅಗಸೇಲಿ ಸಯನೈಡ್ ಬಿಡೋ ಅಂಶ ಸ್ವಲ್ಪ ಇರೋದ್ರಿಂದ ಹುರಿದು ಹಾಕೋದು ಒಳ್ಳೇದು. ಪುಡಿ ಮಾಡಿದ್ದನ್ನ ವಾರಗಟ್ಟಲೆ ಇಡ್ಬೇಡಿ, ಜಿಡ್ಡು ವಾಸನೆ ಹಿಡಿಯುತ್ತೆ. ಜೊತೆಗೆ ವಿಟಮಿನ್ ಇ ಹೆಚ್ಚು ಹಾಕ್ಲೇಬೇಕು, ಇಲ್ದಿದ್ರೆ ಆ ಒಮೆಗಾ 3 ಫ್ರೀಜರ್‌ನಲ್ಲೇ ಕೆಟ್ಟು ಮಾಂಸ ಮುಗ್ಗಲು ವಾಸನೆ ಬರುತ್ತೆ. ಜಾಸ್ತಿ ಹಾಕಿದ್ರೆ ನೆಣ ಮೆತ್ತಗಾಗುತ್ತೆ.

"ಅಗಸೆ ಯಾಕೆ, ಮೀನು ಹಾಕಿದ್ರೆ ಇನ್ನೂ ಒಳ್ಳೆ ಒಮೆಗಾ 3 ಅಲ್ವಾ" ಅಂತ ನನಗೂ ಒಂದು ಕಾಲದಲ್ಲಿ ಬುದ್ಧಿ ಬಂದಿತ್ತು. ಮಂಗಳೂರು ಕಡೆಯಿಂದ ಬೂತಾಯಿ ತಲೆ, ಕರುಳು ಅಗ್ಗಕ್ಕೆ ಬರ್ತಿತ್ತು, ಬೇಯಿಸಿ ಕಡಿಯೋ ಹಿಂದಿನ ದಿನದ ತನಕ ಹಾಕಿದ್ದೆ. ಆ ಸಲ ಮನೆ ಪಕ್ಕದ ಮದುವೆಗೆ ನಮ್ಮದೇ ಎರಡು ಹಂದಿ ಹೋಗಿತ್ತು, ಪಂದಿ ಕರಿ ಬೆಂದು ಮುಚ್ಚಳ ತೆಗೆದ್ರೆ ಮೀನು ಸಾರಿನ ವಾಸನೆ. ಅಡುಗೆಯವರು ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ ರಸ) ಹಾಕಿ ಹಾಕಿ ಸುಸ್ತಾದ್ರು. ಈಗ್ಲೂ ಆ ಮನೆಯ ಅಜ್ಜಿ ನನ್ನ ನೋಡಿದ್ರೆ "ಮೀನು ಹಂದಿ ಬಂದ" ಅಂತಾರೆ. ಮೀನೆಣ್ಣೆ ರಕ್ತದ ಟ್ರೈಗ್ಲಿಸರೈಡ್ ಇಳಿಸೋದ್ರಲ್ಲಿ ಗಟ್ಟಿಗ, ತಾಯಿ ಹಂದಿಗೆ ಕೊಡಿ, ಎಳೆ ಮರಿಗೆ ಕೊಡಿ. ಮಾರೋ ಹಂದಿಗಾದ್ರೆ ಕೊನೇ ಕೆಲವು ವಾರ ಪೂರ್ತಿ ನಿಲ್ಲಿಸಿ.

ಕಾಚಂಪುಳಿ ಅಂದ ಕೂಡ್ಲೇ ಇನ್ನೊಂದು. ಕಾಚಂಪುಳಿ ಆಗೋ ಆ ಹಣ್ಣು, ಶಿರಸಿ ಕಡೆ ಉಪ್ಪಾಗೆ ಅಂತಾರೆ, ಅದೇ ಗಾರ್ಸೀನಿಯಾ ಹೆಸರಲ್ಲಿ ತೂಕ ಇಳಿಸೋ ಮಾತ್ರೆಯಾಗಿ ಪ್ರಪಂಚ ಎಲ್ಲಾ ಮಾರಾಟ ಆಯ್ತು. ಅದರ ಹುಳಿ ಆಮ್ಲ ಸಕ್ಕರೇನ ಕೊಬ್ಬು ಮಾಡೋ ಒಂದು ಕಿಣ್ವಕ್ಕೆ ಅಡ್ಡ ಬರೋದು ನಿಜ. ಹಾಗಂತ ಫೀಡಿಗೆ ಉಪ್ಪಾಗೆ ಸಿಪ್ಪೆ ಹಾಕೋಕೆ ಹೋಗ್ಬೇಡಿ, ಕಾಚಂಪುಳಿ ಇರ್ಬೇಕಾದ ಜಾಗ ಕರಿ ಪಾತ್ರೆ.

ಉಳಿದ ಚಿಲ್ಲರೆ ಸಾಮಾನು

ನಯಾಸಿನ್ ಅನ್ನೋ ಬಿ ವಿಟಮಿನ್, ಮಿನರಲ್-ವಿಟಮಿನ್ ಮಿಕ್ಸ್‌ನಲ್ಲಿ ಇದ್ದೇ ಇರ್ಬೇಕು, ಜೋಳದಲ್ಲಿರೋ ನಯಾಸಿನ್ ಹಂದಿಗೆ ದಕ್ಕಲ್ಲ, ಆದ್ರೆ ರಕ್ತದ ಕೊಬ್ಬು ಇಳಿಸೋಷ್ಟು ದೊಡ್ಡ ಡೋಸ್ ಫಾರ್ಮಿಗೆ ಯಾಕೂ ಬೇಡ. ಪ್ರೊಬಯಾಟಿಕ್ ವಿಷಯದಲ್ಲಿ 1985ರ ಒಂದು ಪ್ರಯೋಗ ನೆನಪಿಟ್ಕೊಳ್ಳಿ, ಲ್ಯಾಕ್ಟೋಬ್ಯಾಸಿಲಸ್‌ನ ಒಂದು ತಳಿ ಹಂದಿಯ ಕೊಲೆಸ್ಟ್ರಾಲ್ ಏರದ ಹಾಗೆ ತಡೀತು, ಅದೇ ಜಾತಿಯ ಇನ್ನೊಂದು ತಳಿ ತಡೀಲಿಲ್ಲ. ಅಂದ್ರೆ ಡಬ್ಬದ ಮೇಲೆ ಬರೀ ಲ್ಯಾಕ್ಟೋಬ್ಯಾಸಿಲಸ್ ಅಂತ ಇದ್ರೆ ಸಾಲಲ್ಲ, ತಳಿ ಹೆಸರು ಬೇಕು. ಮರಿ ಭೇದಿ ನಿಲ್ಲಿಸೋಕೆ ತಂದ್ರೆ ತನ್ನಿ, ಕೊಬ್ಬಿಗೆ ಬೇಡ. ತಾಮ್ರ ಹಾಕಿದ್ರೆ ಮರಿ ಬೆಳೀತವೆ ನಿಜ, ಆದ್ರೆ ಅದು ಸಗಣೀಲಿ ಹೋಗಿ ಮಣ್ಣಲ್ಲಿ ಕೂರುತ್ತೆ ಅಂತ ಯುರೋಪ್‌ನವರು 2018ರಲ್ಲಿ ಮರಿ ಫೀಡಿನ ಮಿತೀನೂ ಇಳಿಸಿದ್ರು, ದೊಡ್ಡ ಹಂದಿಗೆ ಅದಕ್ಕೂ ಮುಂಚಿಂದಲೇ ಕೆಜಿಗೆ 25 ಮಿಲಿಗ್ರಾಂ ಅಷ್ಟೇ, ಪಕ್ಕದಲ್ಲಿ ಕುರಿ ಇದ್ರೆ ಅವಕ್ಕೆ ಆ ಫೀಡ್ ವಿಷ.

ರ‍್ಯಾಕ್ಟೋಪಮೈನ್, ಕ್ಲೆನ್‌ಬ್ಯೂಟರಾಲ್ ಅನ್ನೋ ಹೆಸರು ಯಾರಾದ್ರೂ ಮೆಲ್ಲಗೆ ಹೇಳಿದ್ರೆ ಅದು ಸಪ್ಲಿಮೆಂಟ್ ಅಲ್ಲ, ನೆಣ ಇಳಿಸಿ ಮಾಂಸ ಏರಿಸೋ ಔಷಧಿ. ರ‍್ಯಾಕ್ಟೋಪಮೈನ್ ಅಮೆರಿಕದಲ್ಲಿ ಒಪ್ಪಿಗೆ ಇರೋದು, ಯುರೋಪ್, ಚೀನಾದಲ್ಲಿ ನಿಷೇಧ. 2012ರಲ್ಲಿ ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೇಲಿ, ಮಾಂಸದಲ್ಲಿ ಅದು ಎಷ್ಟು ಉಳಿದಿರ್ಬಹುದು ಅನ್ನೋ ಮಿತಿ ಪಾಸಾಗಿದ್ದು ಪರ 69, ವಿರುದ್ಧ 67 ವೋಟಲ್ಲಿ, ಅಷ್ಟು ಜಗಳ. ಕ್ಲೆನ್‌ಬ್ಯೂಟರಾಲ್ ಇರೋ ಮಾಂಸ ತಿಂದೋರಿಗೆ ಎದೆ ಬಡಿತ, ಕೈ ನಡುಕ ಬಂದಿದೆ. ಮುಟ್ಬೇಡಿ.

ಹಾಗಾದ್ರೆ ಯಾರು ಏನು ತಗೋಬೇಕು

ಹೋಟೆಲ್ ಮುಸುರೆ ಮೇಲೆ ನಡೆಸೋರು ಏನೂ ತಗೋಬೇಡಿ. ಕೋಪ ಮಾಡ್ಕೋಬೇಡಿ, ನಿಜ ಹೇಳ್ತಿದ್ದೀನಿ. ಮುಸುರೇಲಿ ಅನ್ನ ಎಣ್ಣೆ ತುಂಬಿರುತ್ತೆ, ಪ್ರೋಟೀನ್ ಕಮ್ಮಿ, ಮಾಂಸ ಕಟ್ಟೋಕೆ ಲೈಸಿನ್ ಸಿಗದೆ ಉಳಿದ ಶಕ್ತಿ ಎಲ್ಲಾ ನೆಣ ಆಗುತ್ತೆ. ಅದೇ ದುಡ್ಡಿಗೆ ಸೋಯಾ ಹಿಂಡಿ ತಂದು ಹಾಕಿ, ಯಾವ ಕ್ರೋಮಿಯಂ ಕೈಲೂ ಆಗದಷ್ಟು ನೆಣ ಇಳಿಯುತ್ತೆ. ಮುಸುರೆ ಚೆನ್ನಾಗಿ ಕುದಿಸಿ, ಮುಸುರೆ ಮೂಲಕವೂ ಹರಡೋ ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಕ್ಕೆ ಕಾಲಿಟ್ಟ ಮೇಲೆ ಇದು ತಮಾಷೆಯ ಮಾತಲ್ಲ.

ಸ್ವಂತ ಜೋಳ, ಸೋಯಾ ಫೀಡ್ ಮಾಡಿ ಮರಿ ಮಾರೋರು ತಾಯಿ ಫೀಡಿಗೆ ಕ್ರೋಮಿಯಂ ವರ್ಷ ಪೂರ್ತಿ, ಗಬ್ಬದಲ್ಲಿ ಕಾರ್ನಿಟಿನ್ ಕೈಗೆಟುಕಿದ್ರೆ. ಎರಡೂ ಒಟ್ಟಿಗೆ ಶುರು ಮಾಡ್ಬೇಡಿ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಅರ್ಧ ತಾಯಂದಿರಿಗೆ ಹಾಕಿ ಅರ್ಧಕ್ಕೆ ಬಿಡಿ, ಮರಿ ಲೆಕ್ಕ, ಹುಟ್ಟಿದ ತೂಕ ಬರೆದಿಡಿ. ಬೆಂಗಳೂರಲ್ಲಿ ಬೇಕನ್, ಸಾಸೇಜ್ ಮಾಡೋರಿಗೆ ಸಪ್ಲೈ ಇದ್ರೆ ಸಿಎಲ್‌ಎ ಲೆಕ್ಕ ಹಾಕಿ ನೋಡಿ, ಗಟ್ಟಿ ನೆಣಕ್ಕೆ ಅವರು ಹೆಚ್ಚು ಕೊಡ್ತಾರಾ ಅಂತ ಮೊದಲೇ ಬಾಯಿ ಬಿಟ್ಟು ಕೇಳಿ. ಒಮೆಗಾ 3 ಹೆಸರು ಹೇಳಿ ಮಾರೋ ಗಿರಾಕಿ ಇದ್ರೆ ಅಗಸೆ. ಕೊಡಗಿನ ಪಂದಿ ಕರಿಗೆ ಮಾರೋರು ನೆಣ ಇಳಿಸೋ ಯೋಚನೇನೇ ಬಿಡಿ, ಇಲ್ಲಿ ತೊಗಲು, ನೆಣ, ಮಾಂಸ ಮೂರೂ ಸೇರಿದ ತುಂಡು ಬೇಕು, ಬರೀ ಮಾಂಸ ಕೊಟ್ರೆ ವಾಪಸ್ ಕಳಿಸ್ತಾರೆ.

ರಕ್ತ ಟೆಸ್ಟ್ ಮಾಡಿಸಿ ನೋಡ್ಬೇಕು ಅನ್ನೋರಿಗೆ ಒಂದು ಮಾತು. ರಾತ್ರಿ ಪೂರ್ತಿ ಫೀಡ್ ನಿಲ್ಲಿಸಿ, ನೀರು ಮಾತ್ರ ಇಟ್ಟು, ಬೆಳಿಗ್ಗೆ ಡಾಕ್ಟರ್ ಕೈಲಿ ತೆಗೆಸಿ. ತಿಂದ ಮೇಲೆ ತೆಗೆದ್ರೆ ಟ್ರೈಗ್ಲಿಸರೈಡ್ ಆಕಾಶಕ್ಕೆ ಹೋಗಿರುತ್ತೆ. ಒಂದು ಹಂದಿ ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ, ಎರಡೂ ಗುಂಪಿಂದ ಏಳೆಂಟು ಆದ್ರೂ ಬೇಕು. ಆ ದುಡ್ಡಿಗೆ ಒಂದು ಒಳ್ಳೆ ತೂಕದ ಕಾಟಾ ಬರುತ್ತೆ, ನಾನಾಗಿದ್ರೆ ಅದನ್ನ ತರ್ತಿದ್ದೆ.

ಭಾವನ ಡಬ್ಬ ಏನಾಯ್ತು ಅಂದ್ರಾ, ಲೇಬಲ್ ಓದಿದ್ರೆ ಕ್ರೋಮಿಯಂ, ಬೀಟೇನ್, ಕಾರ್ನಿಟಿನ್, ಬೆಳ್ಳುಳ್ಳಿ, ಅರಿಶಿನ ಎಲ್ಲಾ ಇತ್ತು, ಯಾವುದು ಎಷ್ಟು ಅಂತ ಇರ್ಲಿಲ್ಲ. ವಾಪಸ್ ಕೊಡಿ ಅಂದೆ. ಅಂಗಡಿಯವ ತಗೊಳ್ಳಲ್ಲ ಅಂದನಂತೆ, ಹಾಗಾಗಿ ಅದೀಗ ಅವರ ಶೆಡ್ ಬಾಗಿಲಿಗೆ ಗಾಳಿಗೆ ಬಡೀದ ಹಾಗೆ ಅಡ್ಡ ಇಟ್ಟಿದ್ದಾರೆ.